ರಜೆಯಲ್ಲಿ ಪಾಠ ಕೇಳುವ ಗಣಿತದ ಮೇಷ್ಟ್ರು



ಬೇಸಿಗೆ ಬಂತೆಂದರೆ ಶಾಲೆಗೆ ಬೀಗ, ಮೇಷ್ಟ್ರಿಗೆ ಬಿಡುವು ಎಂದು ಊರಿನಲ್ಲಿ ಮಾತು. ಆದರೆ ಅದೇ ಬಿಸಿಲಿನಲ್ಲಿ ಗಣಿತ ಕಲಿಸುವ ಕೆಲವರು ಮಕ್ಕಳಂತೆ ಬೆಂಚಿನ ಮೇಲೆ ಕುಳಿತು ಪಾಠ ಕೇಳುತ್ತಿರುತ್ತಾರೆ. ತಾವು ಕಲಿತುಕೊಂಡು, ಮುಂದೆ ಇತರ ಅಧ್ಯಾಪಕರಿಗೆ ದಾರಿ ತೋರಿಸಬೇಕಾದವರು ಇವರು. ಇಲಾಖೆಯ ಮಾತಿನಲ್ಲಿ ಇವರಿಗೆ ‘ಸಂಪನ್ಮೂಲ ವ್ಯಕ್ತಿ’ ಎಂದು ಹೆಸರು. ಇವರ ತರಬೇತಿಗೂ ಗಡಿಯ ಈಚೆ ಕನ್ನಡದಲ್ಲಿ ಓದುವ ನಮ್ಮ ಮಕ್ಕಳಿಗೂ ಏನು ಸಂಬಂಧ ಎಂಬುದನ್ನು ಇಂದು ನೋಡೋಣ.

ಕೇರಳದ ಉದಾಹರಣೆಯನ್ನೇ ತೆಗೆದುಕೊಳ್ಳಿ. 1994ರಲ್ಲಿ ದೇಶದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿ.ಪಿ.ಇ.ಪಿ., ಆರಂಭವಾಯಿತು. ಕೇರಳದಲ್ಲಿ ಅದರ ಮೊದಲ ಹಂತಕ್ಕೆ ಸೇರಿದ ಮೂರು ಜಿಲ್ಲೆಗಳಲ್ಲಿ ಕಾಸರಗೋಡು, ವಯನಾಡು ಎರಡೂ ಇದ್ದವು. ಇನ್ನೊಂದು ಮಲಪ್ಪುರಂ. ಅಲ್ಲಿ ರಜಾಕಾಲದ ತರಬೇತಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ. ಮೊದಲು ರಾಜ್ಯ ಮಟ್ಟದ ತಂಡ ಕಲಿಯುತ್ತದೆ. ಅದು ಜಿಲ್ಲಾ ತಂಡಕ್ಕೆ ಕಲಿಸುತ್ತದೆ. ಜಿಲ್ಲಾ ತಂಡದವರು ಶಾಲೆಗಳ ಅಧ್ಯಾಪಕರಿಗೆ ಹೇಳಿಕೊಡುತ್ತಾರೆ. ಕಡಿಮೆ ಸಮಯದಲ್ಲಿ ಸಾವಿರಾರು ಜನರನ್ನು ತಲುಪಲು ಇದು ಅನುಕೂಲ.

ಆದರೆ ಕಾಲುವೆಯ ನೀರಿನ ಗುಣ ನಿಮಗೆ ಗೊತ್ತೇ ಇದೆ. ತೂಬಿನ ಬಳಿ ಇದ್ದಷ್ಟು ನೀರು ಕೊನೆಯ ಗದ್ದೆಗೆ ಬರುವುದಿಲ್ಲ. ತರಬೇತಿಯೂ ಹಾಗೆಯೇ. ಪ್ರತಿ ಮೆಟ್ಟಿಲಿನಲ್ಲೂ ಸ್ವಲ್ಪ ಸೋರುತ್ತದೆ. ರಾಜ್ಯದ ಮುಖ್ಯ ಭಾಷೆಯಲ್ಲಿ ನಡೆದದ್ದನ್ನು ನಡುವೆ ಕನ್ನಡಕ್ಕೆ ತಿರುಗಿಸಬೇಕಾಗಿ ಬಂದರೆ ಸೋರಿಕೆ ಇನ್ನೂ ಹೆಚ್ಚು. ನಮ್ಮ ಕನ್ನಡ ಶಾಲೆ ಎಷ್ಟೋ ಸಲ ಆ ಕೊನೆಯ ಗದ್ದೆ.

ಗಣಿತದ ಮೇಷ್ಟ್ರು ಹೊಸದಾಗಿ ಕಲಿಯುವುದಾದರೂ ಏನು? ಲೆಕ್ಕ ಅವರಿಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೆ ಲೆಕ್ಕ ಬಲ್ಲದ್ದು ಬೇರೆ, ಮಗು ಎಲ್ಲಿ ಎಡವುತ್ತದೆ ಎಂದು ಬಲ್ಲದ್ದು ಬೇರೆ. ಕಲಿಸುವವನಿಗೇ ಬೇಕಾದ ಈ ಎರಡನೆಯ ತಿಳಿವಳಿಕೆಗೆ 1986ರಲ್ಲಿ ಅಮೆರಿಕದ ಲೀ ಶುಲ್ಮನ್ ಎಂಬ ಶಿಕ್ಷಣತಜ್ಞರು ಪ್ರತ್ಯೇಕ ಹೆಸರನ್ನೇ ಕೊಟ್ಟರು.

ಒಂದು ಲೆಕ್ಕ ಕೇಳಿ. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿದರೆ ಎಷ್ಟು? ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿ ಐದನೆಯ ಎರಡು ಎಂದು ಬರೆಯುವ ಮಕ್ಕಳು ಬಹಳ. ಐದನೆಯ ಎರಡು ಎಂದರೆ ಅರ್ಧಕ್ಕಿಂತಲೂ ಕಡಿಮೆ. ಅರ್ಧ ರೊಟ್ಟಿಗೆ ಇನ್ನೊಂದು ತುಂಡು ಸೇರಿಸಿದರೆ ರೊಟ್ಟಿ ಸಣ್ಣದಾಗುತ್ತದೆಯೇ? ಸರಿಯಾದ ಉತ್ತರ ಆರನೆಯ ಐದು. ಆದರೂ ಮಗುವಿನ ಉತ್ತರದಲ್ಲಿ ಒಂದು ತರ್ಕವಿದೆ. ಎರಡು ಪ್ರಶ್ನೆಗಳಲ್ಲಿ ಒಂದು, ಮತ್ತೆ ಮೂರು ಪ್ರಶ್ನೆಗಳಲ್ಲಿ ಒಂದು ಸರಿಯಾದರೆ, ಒಟ್ಟು ಐದರಲ್ಲಿ ಎರಡು ಸರಿ ತಾನೇ? ಅಲ್ಲಿ ಅದು ನಿಜ. ರೊಟ್ಟಿಯಲ್ಲಿ ಏಕೆ ನಿಜವಲ್ಲವೆಂದರೆ, ಎರಡೂ ತುಂಡುಗಳನ್ನು ಅಳೆಯುವುದು ಒಂದೇ ಇಡೀ ರೊಟ್ಟಿಯಿಂದ. ಒಳ್ಳೆಯ ತರಬೇತಿಯಲ್ಲಿ ಅಧ್ಯಾಪಕರು ಇಂಥ ತಪ್ಪುಗಳನ್ನು ಎದುರಿಗಿಟ್ಟುಕೊಂಡು, ಕಾಗದ ಮಡಚಿ ನೋಡಿ, ತಮ್ಮತಮ್ಮಲ್ಲೇ ವಾದ ಮಾಡಿ, ಮಗುವಿಗೆ ಕೇಳಬೇಕಾದ ಪ್ರಶ್ನೆಯನ್ನು ಹುಡುಕುತ್ತಾರೆ.

ಗಡಿನಾಡಿನಲ್ಲಿ ಇದರ ಜೊತೆಗೆ ಎರಡು ಭಾಷೆಯ ತೊಡಕೂ ಇದೆ. ಕನ್ನಡದಲ್ಲಿ ನಾವು ‘ಇಪ್ಪತ್ತೊಂದು’ ಎಂದು ಹತ್ತರ ಸ್ಥಾನವನ್ನು ಮೊದಲು ಹೇಳುತ್ತೇವೆ. ಬರೆಯುವುದೂ ಹಾಗೆಯೇ. ತೆಲುಗು, ತಮಿಳು, ಮಲಯಾಳದಲ್ಲೂ ಇದೇ ಕ್ರಮ. ಮರಾಠಿಯಲ್ಲಿ ‘ಏಕವೀಸ್’, ಅಂದರೆ ಒಂದು ಮೊದಲು, ಇಪ್ಪತ್ತು ಆಮೇಲೆ. ಜತ್ತ, ಅಕ್ಕಲಕೋಟೆಗಳ ಮಗು ಅಂಗಡಿಯಲ್ಲಿ ಒಂದು ಕ್ರಮ, ಮನೆಯಲ್ಲಿ ಇನ್ನೊಂದು ಕ್ರಮ ಕೇಳುತ್ತದೆ. ಅದು 21ರ ಬದಲು 12 ಬರೆದರೆ ದಡ್ಡತನವೆನ್ನಬೇಡಿ. ಮಹಾರಾಷ್ಟ್ರದಲ್ಲೇ 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕ ‘ಏಕವೀಸ್’ ಜೊತೆಗೆ ‘ವೀಸ್ ಏಕ್’ ಎಂಬ ರೂಪವನ್ನೂ ಕೊಟ್ಟಾಗ ದೊಡ್ಡ ಚರ್ಚೆಯೇ ಎದ್ದಿತು.

ಕಾಸರಗೋಡಿನ ಕಡೆ ಬೇರೊಂದು ಸೂಕ್ಷ್ಮವಿದೆ. ನಮ್ಮ ತೊಂಬತ್ತಕ್ಕೆ ಮಲಯಾಳದಲ್ಲಿ ‘ತೊಣ್ಣೂರ್’, ಒಂಬೈನೂರಕ್ಕೆ ‘ತೊಳ್ಳಾಯಿರಂ’. ಒಂದರಲ್ಲಿ ನೂರರ ಸದ್ದು, ಇನ್ನೊಂದರಲ್ಲಿ ಸಾವಿರದ ಸದ್ದು. ತಮಿಳಿನಲ್ಲೂ ಹೀಗೆಯೇ, ಆದ್ದರಿಂದ ತಾಳವಾಡಿ, ಹೊಸೂರಿನವರಿಗೂ ಇದು ಪರಿಚಿತ. ಪಾಠದ ಪದಗಳೂ ಬದಲಾಗುತ್ತವೆ. ನಮ್ಮ ‘ಭಿನ್ನರಾಶಿ’ ಮರಾಠಿಯಲ್ಲಿ ‘ಅಪೂರ್ಣಾಂಕ’, ತಮಿಳಿನಲ್ಲಿ ‘ಪಿನ್ನಂ’. ಈ ತೊಡಕುಗಳನ್ನು ರಾಜಧಾನಿಯಲ್ಲಿ ಕುಳಿತವರು ಊಹಿಸುವುದು ಕಷ್ಟ. ಎರಡೂ ಭಾಷೆಯ ನಡುವೆ ಬದುಕುವ ಅಧ್ಯಾಪಕರೇ ಸಂಪನ್ಮೂಲ ತಂಡದಲ್ಲಿ ಇರಬೇಕು ಎನ್ನುವುದು ಇದಕ್ಕಾಗಿ.

ಇದು ಯಾರ ದಾಕ್ಷಿಣ್ಯವೂ ಅಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಸೇರಿಸಿದ ವಿಧಿ ಅದು. ಅಧ್ಯಾಪಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿಯ ಅವಕಾಶ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಕನ್ನಡದಲ್ಲಿ ಕಲಿಸಲು ಅಧ್ಯಾಪಕರು ಬೇಕಾದಂತೆ, ಅವರಿಗೆ ಕನ್ನಡದಲ್ಲಿ ತರಬೇತಿಯೂ ಬೇಕು.

ಕೇಳುಗರೆ, ಊರಿನವರಾಗಿ ನಾವು ಮಾಡಬಹುದಾದದ್ದೂ ಇದೆ. ಶಾಲೆ ತೆರೆದ ಮೇಲೆ ರಕ್ಷಕರ ಸಭೆಗೆ ತಪ್ಪದೆ ಹೋಗಿ. ಈ ರಜೆಯಲ್ಲಿ ನಮ್ಮ ಶಾಲೆಯಿಂದ ಗಣಿತ ತರಬೇತಿಗೆ ಯಾರು ಹೋಗಿದ್ದರು, ಅದು ಯಾವ ಭಾಷೆಯಲ್ಲಿ ನಡೆಯಿತು, ಕಲಿತದ್ದನ್ನು ಹಂಚಿಕೊಳ್ಳಲು ಅಕ್ಕಪಕ್ಕದ ಕನ್ನಡ ಶಾಲೆಯವರು ಆಗಾಗ ಸೇರುತ್ತಾರೆಯೇ ಎಂದು ವಿಚಾರಿಸಿ. ಕೆಲವು ದಿನಗಳ ತರಬೇತಿ ಬಿತ್ತನೆ ಮಾತ್ರ. ವರ್ಷವಿಡೀ ಕಳೆ ಕಿತ್ತು ನೀರು ಹಾಯಿಸಿದರೆ ತಾನೇ ಫಸಲು?

ಮನೆಯಲ್ಲಿ ಮಗು ಲೆಕ್ಕ ತಪ್ಪಿದಾಗ ಗದರಬೇಡಿ. ‘ಇದು ಹೇಗೆ ಬಂತು, ಹೇಳು ನೋಡೋಣ’ ಎಂದು ಕೇಳಿ. ಮೇಷ್ಟ್ರು ರಜೆಯಲ್ಲಿ ಕಲಿತು ಬರುವ ಪಾಠದ ಸಾರವೂ ಬಹುಪಾಲು ಇದೇ.