ಹಗಲು ಕಾಣುವ ಕ್ಯಾಮರಾ ಇರುಳು ಕುರುಡಾಗುವುದೇಕೆ?

ನಮ್ಮ ಕಡೆಯ ತೋಟದ ಮನೆಗಳ ಸ್ಥಿತಿ ಓದುಗರಿಗೆ ತಿಳಿಯದ್ದೇನಲ್ಲ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಉದ್ಯೋಗದಲ್ಲಿರುತ್ತಾರೆ. ಮನೆಯಲ್ಲಿ ಉಳಿದವರು ವಯಸ್ಸಾದ ತಂದೆತಾಯಿ ಇಬ್ಬರೇ. ಅಂಗಳದ ತುಂಬ ಒಣಹಾಕಿದ ಅಡಿಕೆ. ಮನೆಯಿಂದ ಗೇಟಿಗೆ ತೋಟದ ನಡುವೆ ನೂರಾರು ಹೆಜ್ಜೆ ದಾರಿ. ಹೀಗಿರುವಾಗ “ಒಂದು ಕ್ಯಾಮರಾ ಹಾಕಿಸಿಬಿಡಿ” ಎಂದು ಮಕ್ಕಳು ಫೋನಿನಲ್ಲಿ ಒತ್ತಾಯಿಸುವುದು ಸಹಜವೇ ಆಗಿದೆ.

ಎಣ್ಮಕಜೆ ಕಡೆಯ ನನ್ನ ಅಕ್ಕನ ಮನೆಗೂ ಹೀಗೆಯೇ ನಾಲ್ಕು ಕ್ಯಾಮರಾಗಳು ಬಂದವು. ಅಂಗಳದ ಎರಡೂ ಹಿತ್ತಿಲಿನ ಒಂದೂ ಸರಿಯಾಗಿ ಕೆಲಸ ಮಾಡಿದವು. ಗೇಟಿನದು ಮಾತ್ರ ಹಗಲೆಲ್ಲ ಚೆನ್ನಾಗಿ ಕಾಣಿಸಿ, ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಮಾಯವಾಗುತ್ತಿತ್ತು. ಒಂದೆರಡು ನಿಮಿಷಕ್ಕೊಮ್ಮೆ ಚಿತ್ರ ಮೂಡುವುದು, ಒಡನೆಯೇ ಅಳಿಸಿಹೋಗುವುದು. ಬೆಳಗಾದರೆ ಏನೂ ಆಗದಂತೆ ಮತ್ತೆ ಸರಿ. ದುರಸ್ತಿಗೆ ಬಂದ ಹುಡುಗರು ಹಗಲು ಹನ್ನೊಂದು ಗಂಟೆಗೆ ಬಂದರು. ಚಿತ್ರ ಸ್ವಚ್ಛವಾಗಿತ್ತು. “ತೊಂದರೆ ಏನೂ ಇಲ್ಲವಲ್ಲ ಅಮ್ಮಾ” ಎಂದು ಹೊರಟುಹೋದರು. ಎರಡನೆಯ ಸಲ ಬಂದಾಗ ಕ್ಯಾಮರಾವನ್ನೇ ಬದಲಿಸಿದರು. ಹೊಸತೂ ಅದೇ ಸಂಜೆ ಕಣ್ಣು ಮುಚ್ಚಿತು.

“ಕಳ್ಳನೇನು ಹಗಲು ಬರುತ್ತಾನೆಯೆ?” ಎಂದು ಭಾವ ಕೇಳಿದ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ಎಪ್ಪತ್ತು ದಾಟಿದ ಅವರು ಹಿಂದಿನಂತೆಯೇ ರಾತ್ರಿ ಟಾರ್ಚು ಹಿಡಿದು ಗೇಟಿನ ತನಕ ಹೋಗಿ ಬರತೊಡಗಿದರು. ಆ ನಡಿಗೆಯನ್ನು ತಪ್ಪಿಸಲೆಂದೇ ಕ್ಯಾಮರಾ ತರಿಸಿದ್ದಲ್ಲವೆ!

ಕೊನೆಗೆ ತಿಳಿದುಬಂದುದೇನೆಂದರೆ, ದೋಷ ಕ್ಯಾಮರಾದಲ್ಲಿರಲಿಲ್ಲ. ಅದಕ್ಕೆ ಕೇಬಲಿನ ಮೂಲಕ ವಿದ್ಯುತ್ತು ಕಳಿಸಿದ ಕ್ರಮದಲ್ಲಿತ್ತು. ಇಂಥ ತೊಂದರೆ ಹಲವು ಮನೆಗಳಲ್ಲಿ ಬರಬಹುದಾದುದರಿಂದ ಅದರ ಮರ್ಮವನ್ನು ಇಲ್ಲಿ ಬಿಡಿಸಿ ಹೇಳುವುದು ಉಚಿತವೆನಿಸಿತು.

ಒಂದು ಕೇಬಲು, ಎರಡು ಲೆಕ್ಕ

ಇಂದಿನ ನೆಟ್‌ವರ್ಕ್ ಕ್ಯಾಮರಾದ ಕೇಬಲಿನೊಳಗೆ ಎರಡೆರಡಾಗಿ ಹೊಸೆದ ನಾಲ್ಕು ಜೋಡಿ, ಅಂದರೆ ಎಂಟು ತಂತಿಗಳಿರುತ್ತವೆ. ಈ ತಂತಿಗಳು ಎರಡು ಹೊರೆಗಳನ್ನು ಹೊರುತ್ತವೆ. ಒಂದು, ಕ್ಯಾಮರಾದಿಂದ ಮನೆಗೆ ಬರುವ ಚಿತ್ರ. ಇನ್ನೊಂದು, ಮನೆಯಿಂದ ಕ್ಯಾಮರಾಕ್ಕೆ ಹೋಗುವ ವಿದ್ಯುತ್ತು. ದೂರ ಹೆಚ್ಚಿದಂತೆ ಎರಡೂ ಸೊರಗುತ್ತವೆ. ಆದರೆ ಬೇರೆ ಬೇರೆ ರೀತಿಯಲ್ಲಿ. ಯಾವುದು ಸೊರಗಿದೆ ಎಂದು ತಿಳಿಯದೆ ಹೊಸ ಸಾಮಾನು ಕೊಳ್ಳುವುದು, ರೋಗ ತಿಳಿಯದೆ ಔಷಧ ಕುಡಿದಂತೆ.

ಮೊದಲು ವಿದ್ಯುತ್ತಿನ ಲೆಕ್ಕ ನೋಡೋಣ. ಕತ್ತಲಾದೊಡನೆ ಕ್ಯಾಮರಾ ತನ್ನ ಅತಿಗೆಂಪು ದೀಪಗಳನ್ನು ಉರಿಸುತ್ತದೆ. ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಈ ಬೆಳಕಿನಲ್ಲೇ ಅದು ಇರುಳು ನೋಡುವುದು. ಹಗಲು 3 ವಾಟ್ ಸಾಕಾಗುತ್ತಿದ್ದ ಕ್ಯಾಮರಾ ಆಗ 6 ವಾಟ್ ಕೇಳಬಹುದು.

ಅಕ್ಕನ ಮನೆಯಲ್ಲಿ ಗೇಟಿನ ಕೇಬಲು 80 ಮೀಟರ್. ಅಲ್ಲಿ 12 ವೋಲ್ಟಿನ ಅಡಾಪ್ಟರಿನಿಂದ, ಕೇಬಲಿನಲ್ಲಿ ಉಪಯೋಗವಾಗದೆ ಉಳಿದಿದ್ದ ನಾಲ್ಕು ತಂತಿಗಳ ಮೂಲಕ ವಿದ್ಯುತ್ತು ಕಳಿಸಿದ್ದರು. ಎರಡು ತಂತಿ ಹೋಗಲಿಕ್ಕೆ, ಎರಡು ಮರಳಲಿಕ್ಕೆ. ಒಳ್ಳೆಯ ತಾಮ್ರವೇ ಆದರೂ ಅಷ್ಟು ದೂರಕ್ಕೆ ಹೋಗಿಬರುವ ದಾರಿಯ ತಡೆ ಸುಮಾರು 7 ಓಮ್ ಆಗುತ್ತದೆ. ಹಗಲಿನ 3 ವಾಟಿಗೆ ದಾರಿಯಲ್ಲೇ 2 ವೋಲ್ಟು ಕರಗಿ, ಗೇಟಿಗೆ 10 ವೋಲ್ಟಿನಷ್ಟು ತಲಪುತ್ತದೆ. ಕ್ಯಾಮರಾ ಹೇಗೋ ಸುಧಾರಿಸಿಕೊಳ್ಳುತ್ತದೆ. ಆದರೆ ಆ ದಾರಿಯಲ್ಲಿ, 12 ವೋಲ್ಟಿನಲ್ಲಿ, 5 ವಾಟಿಗಿಂತ ಹೆಚ್ಚು ಶಕ್ತಿ ತುದಿಗೆ ತಲಪುವುದು ಸಾಧ್ಯವೇ ಇಲ್ಲ. ದೀಪ ಉರಿಸಲು ಹೋದ ಕ್ಯಾಮರಾ ಕುಸಿಯುತ್ತದೆ. ಕುಸಿದೊಡನೆ ಹೊರೆ ಇಳಿದು ವೋಲ್ಟು ಏರುತ್ತದೆ, ಕ್ಯಾಮರಾ ಮತ್ತೆ ಏಳುತ್ತದೆ, ಮತ್ತೆ ದೀಪ ಉರಿಸುತ್ತದೆ, ಮತ್ತೆ ಕುಸಿಯುತ್ತದೆ. ಬೆಳಗಿನ ತನಕ ಇದೇ ಆಟ.

ಅದೇ ತಂತಿಗಳಲ್ಲಿ 48 ವೋಲ್ಟು ಕಳಿಸಿದರೆ? ಅದೇ 6 ವಾಟಿಗೆ ದಾರಿಯಲ್ಲಿ ಕರಗುವುದು 1 ವೋಲ್ಟಿಗಿಂತಲೂ ಕಡಿಮೆ. ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ತು ಕಳಿಸುವ ‘ಪಿ.ಓ.ಇ.’ ಎಂಬ ಪದ್ಧತಿಗೆ 2003ರಲ್ಲಿ ನಿಯಮ ರೂಪಿಸಿದಾಗ 44ರಿಂದ 57 ವೋಲ್ಟಿನ ಮಟ್ಟವನ್ನು ಆರಿಸಿಕೊಂಡುದರ ಲಾಭ ಇದೇ. ಆ ನಿಯಮದಂತೆ ಸ್ವಿಚ್ಚು ಒಂದು ಕ್ಯಾಮರಾಕ್ಕೆ 15.4 ವಾಟ್ ತನಕ ಕೊಡಬಲ್ಲುದು; ತುದಿಯಲ್ಲಿ ದೊರೆಯುವ ಭರವಸೆ 12.95 ವಾಟಿಗೆ ಮಾತ್ರ. ದಾರಿಯ ನಷ್ಟವನ್ನು ಮೊದಲೇ ಲೆಕ್ಕ ಹಿಡಿದಿದ್ದಾರೆ!

ಚಿತ್ರದ ಲೆಕ್ಕ

ಚಿತ್ರ ಹೊರುವ ಕೆಲಸಕ್ಕೆ ನಿಯಮವು ಹಾಕಿದ ಮಿತಿ 100 ಮೀಟರ್. ಗೋಡೆಯೊಳಗೋ ಕಂಬದ ಮೇಲೋ ಹೋಗುವ ಗಟ್ಟಿ ಕೇಬಲು 90 ಮೀಟರ್, ಎರಡು ತುದಿಗಳ ಮೆದು ತುಂಡುಗಳು ಸೇರಿ 10 ಮೀಟರ್. ಇದನ್ನು ಮೀರಿದರೆ ಒಡನೆಯೇ ಕೆಟ್ಟೇಹೋಗುವುದೆಂದಲ್ಲ. ಆದರೆ ಚಿತ್ರ ತಡವರಿಸುವುದು, ಚೌಕ ಚೌಕವಾಗಿ ಒಡೆಯುವುದು, ಪಂಪು ಚಾಲೂ ಮಾಡಿದಾಗ ಕಡಿದುಹೋಗುವುದು ಮುಂತಾದ ಉಪದ್ರಗಳು ತೊಡಗುತ್ತವೆ.

ಮಿತಿಯೊಳಗಿದ್ದೂ ಚಿತ್ರ ಕೆಡುವುದುಂಟು. ತುದಿಯ ಪ್ಲಗ್ಗಿನಲ್ಲಿ ತಂತಿಗಳನ್ನು ಎರಡೂ ಕಡೆ ಒಂದೇ ಕ್ರಮದಲ್ಲಿ ಕೂರಿಸಿದರೆ ಸಾಲದು. ಹೊಸೆದ ಜೋಡಿ ಜೋಡಿಯಾಗಿಯೇ ಇರಬೇಕು. ಕಿತ್ತಳೆಬಿಳಿ, ಕಿತ್ತಳೆ, ಹಸಿರುಬಿಳಿ, ನೀಲಿ, ನೀಲಿಬಿಳಿ, ಹಸಿರು, ಕಂದುಬಿಳಿ, ಕಂದು ಎಂಬುದು ರೂಢಿಯ ಕ್ರಮ. ಇದನ್ನು ಬಿಟ್ಟು ಮನಸ್ಸಿಗೆ ಬಂದಂತೆ ಜೋಡಿ ಒಡೆದರೆ ಸಾದಾ ಟೆಸ್ಟರಿನ ಎಂಟೂ ದೀಪ ಉರಿಯುತ್ತವೆ, ಐದು ಮೀಟರಿಗೆ ಕೆಲಸವೂ ನಡೆಯಬಹುದು. ದೂರಕ್ಕೆ ಮಾತ್ರ ಕೈಕೊಡುತ್ತದೆ.

ಮನೆಯವರೇ ಮಾಡಬಹುದಾದ ಪರೀಕ್ಷೆಗಳು

ಮೊದಲನೆಯದು: ರಾತ್ರಿಗಾಗಿ ಕಾಯಬೇಕಾಗಿಲ್ಲ. ಹಗಲೇ ಕ್ಯಾಮರಾಕ್ಕೆ ದಪ್ಪನೆಯ ಕಪ್ಪು ಬಟ್ಟೆ ಮುಚ್ಚಿರಿ. ರಾತ್ರಿಯಾಯಿತೆಂದು ಅದು ದೀಪ ಉರಿಸುತ್ತದೆ. ಆಗ ಸಂಪರ್ಕ ಕಡಿದುಹೋದರೆ ದೋಷ ಬಹುಮಟ್ಟಿಗೆ ವಿದ್ಯುತ್ತಿನದೇ. ದುರಸ್ತಿಗೆ ಬಂದವರ ಕಣ್ಣೆದುರೇ ಇದನ್ನು ತೋರಿಸಬಹುದು.

ಎರಡನೆಯದು: ಕ್ಯಾಮರಾವನ್ನು ಇಳಿಸಿ ತಂದು ಚಾವಡಿಯಲ್ಲೇ ಎರಡು ಮೀಟರಿನ ತುಂಡು ಕೇಬಲಿನಿಂದ ಜೋಡಿಸಿ ಒಂದು ರಾತ್ರಿ ಇಡಿರಿ. ಅಲ್ಲಿ ಸರಿಯಾಗಿ ನಡೆದರೆ ಕ್ಯಾಮರಾ ನಿರಪರಾಧಿ.

ಮೂರನೆಯದು: ದೂರವನ್ನು ಹೆಜ್ಜೆಯಲ್ಲಿ ಅಳೆಯಬೇಡಿ. ಹೆಚ್ಚಿನ ಕೇಬಲುಗಳ ಹೊದಿಕೆಯ ಮೇಲೆ ಮೀಟರಿನ ಅಂಕಿಗಳು ಅಚ್ಚಾಗಿರುತ್ತವೆ. ಒಂದು ತುದಿಯ ಅಂಕಿಯಿಂದ ಇನ್ನೊಂದನ್ನು ಕಳೆದರೆ ಉದ್ದ ಸಿಕ್ಕಿತು. ತೋಟ ಸುತ್ತಿ ಬರುವ ಕೇಬಲು ನಾವೆಣಿಸಿದುದಕ್ಕಿಂತ ಉದ್ದವಾಗಿರುತ್ತದೆ.

ನಾಲ್ಕನೆಯದು: ಉಳಿದ ತುಂಡಿನ ತಂತಿಯೊಂದನ್ನು ಚೂರಿಯಿಂದ ಕೆರೆದು ನೋಡಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ‘ಸಿ.ಸಿ.ಎ.’ ಎಂದು ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದು ಇದೇ. ಇದರ ತಡೆ ತಾಮ್ರದ ಸುಮಾರು ಒಂದೂವರೆ ಪಟ್ಟು. ದೂರದ ಕ್ಯಾಮರಾಕ್ಕೆ ಇದು ಸಲ್ಲದು.

ಪರಿಹಾರ

ವಿದ್ಯುತ್ತು ಸಾಲದಿದ್ದರೆ ಪಿ.ಓ.ಇ. ಸ್ವಿಚ್ಚು ಹಾಕಿಸಿರಿ. ಆದರೆ ಕ್ಯಾಮರಾ ಅದಕ್ಕೆ ಒಪ್ಪುವಂಥದೇ ಎಂದು ಅದರ ಚೀಟಿಯನ್ನು ಮೊದಲು ನೋಡಬೇಕು. 12 ವೋಲ್ಟಿನ ಕ್ಯಾಮರಾಕ್ಕೆ ನೇರವಾಗಿ 48 ವೋಲ್ಟು ಕೊಟ್ಟರೆ ಸುಟ್ಟುಹೋದೀತು.

ದೂರವೇ 100 ಮೀಟರು ಮೀರಿದರೆ ನಡುವೆ ಒಂದು ಪಿ.ಓ.ಇ. ಎಕ್ಸ್‌ಟೆಂಡರ್ ಇಡಬಹುದು. ಕೆಲವು ಸ್ವಿಚ್ಚುಗಳಲ್ಲಿ ವೇಗವನ್ನು 10 ಮೆಗಾಬಿಟ್ಟಿಗೆ ಇಳಿಸಿ 250 ಮೀಟರ್ ತನಕ ಒಯ್ಯುವ ಏರ್ಪಾಡಿದೆ. ಒಂದು ಸಾಧಾರಣ ಕ್ಯಾಮರಾಕ್ಕೆ ಆ ವೇಗ ಸಾಕು. ಅದಕ್ಕೂ ದೂರವಾದರೆ ಫೈಬರ್ ಕೇಬಲೇ ಲೇಸು. ಗಾಜಿನ ಎಳೆಯಲ್ಲಿ ಬೆಳಕು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಕ್ಯಾಮರಾಕ್ಕೆ ವಿದ್ಯುತ್ತನ್ನು ಮಾತ್ರ ಆ ತುದಿಯಲ್ಲೇ ಒದಗಿಸಬೇಕು.

ಫೈಬರಿಗೆ ಇನ್ನೊಂದು ಗುಣವಿದೆ. ತುಲಾಮಾಸದ ಗುಡುಗು ಸಿಡಿಲು ನಮಗೆ ಹೊಸತಲ್ಲ. ತೋಟದುದ್ದಕ್ಕೆ ಎಳೆದ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ಮನೆಯೊಳಗಿನ ಸ್ವಿಚ್ಚಿನ ತನಕ ಕರೆತರಬಲ್ಲುದು. ಗಾಜಿನ ಎಳೆ ತರಲಾರದು. ಅದರ ಜತೆಗೆ ಉಕ್ಕಿನ ತಂತಿ ಇದ್ದರೆ ಅದನ್ನು ಮಾತ್ರ ಉಪಕರಣಗಳಿಗೆ ತಾಗದಂತೆ ಕಡಿದಿಡಬೇಕು. ತಾಮ್ರವನ್ನೇ ಉಪಯೋಗಿಸುವವರು ಎರಡು ತುದಿಗಳಲ್ಲೂ ಸಿಡಿಲು ರಕ್ಷಕ ಹಾಕಿಸಿ, ಒಳ್ಳೆಯ ಅರ್ತಿಂಗ್ ಮಾಡಿಸುವುದು ಅಗತ್ಯ. ಕೇಬಲಿಗೆ ನಡುವೆ ಗಂಟು ಹಾಕಿ ಟೇಪು ಸುತ್ತುವ ಪರಿಪಾಠವನ್ನಂತೂ ಬಿಡಬೇಕು. ಆಟಿಯ ಮಳೆಗೆ ಯಾವ ಟೇಪೂ ನಿಲ್ಲದು.

ಅಕ್ಕನ ಮನೆಯಲ್ಲಿ ಆದದ್ದಿಷ್ಟು: ಕ್ಯಾಮರಾ ಪಿ.ಓ.ಇ.ಗೆ ಒಪ್ಪುವಂಥದೇ ಆಗಿತ್ತು. ಸ್ವಿಚ್ಚು ಬದಲಾಯಿತು, ಕೇಬಲು, ಕ್ಯಾಮರಾ ಹಳೆಯವೇ. ಬಟ್ಟೆ ಮುಚ್ಚಿ ನೋಡಿದೆವು, ಚಿತ್ರ ಅಲುಗಲಿಲ್ಲ. ಈಗ ಗೇಟಿನ ಬಳಿ ರಾತ್ರಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಕಾಡುಹಂದಿಗಳೇ. ಭಾವ ಅವನ್ನು ಚಾವಡಿಯಲ್ಲಿ ಕುಳಿತೇ ಬಯ್ಯುತ್ತಾರೆ. ಟಾರ್ಚು ಗೋಡೆಯ ಮೊಳೆಯಲ್ಲಿ ತೂಗುತ್ತಿದೆ.