ಜೈಲಿನಿಂದ ಬಂದವರಿಗೆ ನೆರವಾಗುವ ಸಂಸ್ಥೆಗಳಿಗೆ ನೆರವು ಯಾರದು?

ಇಂಗ್ಲೆಂಡಿನಲ್ಲಿ ಶಿಕ್ಷೆ ಮುಗಿಸಿ ಜೈಲಿನಿಂದ ಹೊರಬಂದವರಿಗೆ ತುರ್ತಾಗಿ ಬೇಕಾಗುವುದು ಮಲಗಲು ಜಾಗ, ವೈದ್ಯರಲ್ಲಿ ನೋಂದಣಿ, ಬ್ಯಾಂಕ್ ಖಾತೆ, ಕೆಲಸ. ಬಿಡುಗಡೆಯ ದಿನ ಸರ್ಕಾರ ಅರ್ಹರಿಗೆ ಕೊಡುವ ಹಣ ಬಹುಕಾಲ 46 ಪೌಂಡ್‌ನಲ್ಲೇ ನಿಂತಿತ್ತು. 2021ರಲ್ಲಿ ಅದು 76 ಪೌಂಡ್ ಆಯಿತು. ಅಷ್ಟರಲ್ಲಿ ಹೊಸ ಬದುಕು ಕಟ್ಟುವುದು ಕಷ್ಟ. ಆ ಕೊರತೆ ತುಂಬಲು ಶ್ರಮಿಸುವವರಲ್ಲಿ ಊರೂರಿನ ಸಣ್ಣ ಸೇವಾಸಂಸ್ಥೆಗಳೂ ಇವೆ. ಇವರಲ್ಲಿ ಮನಸ್ಸಿಗೆ ಬಡತನವಿಲ್ಲ. ಲೆಕ್ಕಪತ್ರ, ಕಾನೂನು, ಅನುದಾನದ ಅರ್ಜಿ ನೋಡಿಕೊಳ್ಳುವ ಜನರೇ ಸಾಲುವುದಿಲ್ಲ.

ಇಂಥ ಸಂಸ್ಥೆಗಳ ಬೆನ್ನಿಗೆ ನಿಲ್ಲಲೆಂದೇ ಅಲ್ಲಿನ ಹಲವು ಊರು, ಜಿಲ್ಲೆಗಳಲ್ಲಿ ‘ಕೌನ್ಸಿಲ್ ಫಾರ್ ವಾಲಂಟರಿ ಸರ್ವಿಸ್’, ಅಂದರೆ ಸಿವಿಎಸ್‌ಗಳಿವೆ. ಸೇವಾಸಂಸ್ಥೆಗಳನ್ನು ಗಟ್ಟಿಗೊಳಿಸುವುದೇ ಇವುಗಳ ಮುಖ್ಯ ಕೆಲಸ. ಜೈಲು ಮತ್ತು ಪ್ರೊಬೇಷನ್ (ಜೈಲಿನ ಹೊರಗಿರುವ ಅಪರಾಧಿಗಳ ಮೇಲ್ವಿಚಾರಣೆ) ಕ್ಷೇತ್ರದ ಸಂಸ್ಥೆಗಳಿಗೆ 1998ರಲ್ಲಿ ಆರಂಭವಾದ ‘ಕ್ಲಿಂಕ್ಸ್’ ಎಂಬ ರಾಷ್ಟ್ರೀಯ ಸಂಸ್ಥೆಯೂ ಇದೆ. ಕ್ಲಿಂಕ್ಸ್‌ಗೆ ಕ್ಷೇತ್ರ ಗೊತ್ತು, ಸಿವಿಎಸ್‌ಗೆ ಊರು ಗೊತ್ತು. ಎರಡೂ ಕೂಡಿದರೆ ಕೆಲಸ ಸಲೀಸು.

ನೋಂದಣಿ ಮತ್ತು ಆಡಳಿತ

ಹೊಸ ಸಂಸ್ಥೆ ಯಾವ ಸ್ವರೂಪದಲ್ಲಿರಬೇಕು, ನಿಯಮಾವಳಿ ಹೇಗೆ ಬರೆಯಬೇಕು, ಚಾರಿಟಿ ಕಮಿಷನ್‌ನಲ್ಲಿ ನೋಂದಣಿ ಹೇಗೆ, ವಿಮೆ ಯಾವುದು ಬೇಕು ಎಂಬುದನ್ನು ಸಿವಿಎಸ್ ಕೂರಿಸಿಕೊಂಡು ಹೇಳಿಕೊಡಬಲ್ಲದು. ಟ್ರಸ್ಟಿಗಳಿಗೆ ತರಬೇತಿಯನ್ನೂ ಕೊಡಬಲ್ಲದು.

ಜೈಲಿನ ಬದುಕು ಕಂಡವರೇ ಟ್ರಸ್ಟಿಗಳಾಗಲು ಮುಂದೆ ಬಂದಾಗ ಈ ಸಲಹೆಗೆ ಇನ್ನಷ್ಟು ಬೆಲೆ. 1974ರ ಅಪರಾಧಿಗಳ ಪುನರ್ವಸತಿ ಕಾಯ್ದೆಯಂತೆ, ನಿಗದಿತ ಅವಧಿ ಕಳೆದ ಮೇಲೆ ಬಹುತೇಕ ಶಿಕ್ಷೆಗಳನ್ನು ಹೆಚ್ಚಿನ ಉದ್ಯೋಗಗಳಿಗೆ ಅರ್ಜಿ ಹಾಕುವಾಗ ಹೇಳಬೇಕಿಲ್ಲ. 2023ರ ಅಕ್ಟೋಬರ್‌ನಿಂದ ಈ ಅವಧಿಗಳು ಕಡಿಮೆಯಾಗಿವೆ: ಒಂದು ವರ್ಷದವರೆಗಿನ ಜೈಲುಶಿಕ್ಷೆಗೆ, ಶಿಕ್ಷೆ ಮುಗಿದ ಮೇಲೆ ಇನ್ನೊಂದು ವರ್ಷ ಸಾಕು. ಆ ಅವಧಿ ಕಳೆಯದಿದ್ದರೆ, ವಂಚನೆಯಂಥ ಕೆಲವು ಅಪರಾಧಗಳಲ್ಲಿ ಶಿಕ್ಷೆಯಾದವರು ಟ್ರಸ್ಟಿಯಾಗುವಂತಿಲ್ಲ. ಆದರೆ ವಿನಾಯಿತಿ ಕೋರಿ ಚಾರಿಟಿ ಕಮಿಷನ್‌ಗೆ ಅರ್ಜಿ ಹಾಕಬಹುದು. ಈ ದಾರಿ ಗೊತ್ತಿಲ್ಲದೆ ಅನುಭವಿಗಳನ್ನು ಹೊರಗಿಡುವುದು ದೊಡ್ಡ ನಷ್ಟ.

ಸ್ವಯಂಸೇವಕರು

ಜನರನ್ನು ಹುಡುಕಿಕೊಡುವುದು, ಹಿನ್ನೆಲೆ ತಪಾಸಣೆ ಯಾವ ಕೆಲಸಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ತಿಳಿಸುವುದು, ಅರ್ಜಿ ಸಲ್ಲಿಸಲು ನೆರವಾಗುವುದು ಸಿವಿಎಸ್‌ನಿಂದ ಸಾಧ್ಯ. ಮೂಲ ಮಟ್ಟದ ತಪಾಸಣೆ ಬಿಟ್ಟರೆ, ಸ್ವಯಂಸೇವಕರ ತಪಾಸಣೆಗೆ ಸರ್ಕಾರಿ ಶುಲ್ಕವಿಲ್ಲ. ಅರ್ಜಿ ಕಳಿಸಿಕೊಡುವ ಸಂಸ್ಥೆ ತನ್ನ ಖರ್ಚಿಗೆ ಸ್ವಲ್ಪ ಕೇಳಬಹುದು. ಬಿಡುಗಡೆಯಾದವರಿಗೂ ಊರಿನ ಬೇರೆ ಸಂಸ್ಥೆಗಳಲ್ಲಿ ಸ್ವಯಂಸೇವೆಯ ಅವಕಾಶ ಕೊಡಿಸಿದರೆ, ಮುಂದೆ ಕೆಲಸ ಹುಡುಕುವಾಗ ಅವರ ಪರವಾಗಿ ಮಾತನಾಡುವವರು ಒಬ್ಬರಾದರೂ ಇರುತ್ತಾರೆ.

ಹಣ ಮತ್ತು ದನಿ

2014ರಲ್ಲಿ ಪ್ರೊಬೇಷನ್ ಸೇವೆಯನ್ನು ಒಡೆದು, ಅದರ ದೊಡ್ಡ ಪಾಲನ್ನು 21 ಕಂಪನಿಗಳಿಗೆ ವಹಿಸಿದರು. ಸಣ್ಣ ಸಂಸ್ಥೆಗಳಿಗೆ ನಿರೀಕ್ಷಿಸಿದಷ್ಟು ಕೆಲಸ ದಕ್ಕಲಿಲ್ಲ. 2021ರ ಜೂನ್‌ನಲ್ಲಿ ಸೇವೆ ಮತ್ತೆ ಸರ್ಕಾರದ ಕೈಗೆ ಬಂತು. ದೊಡ್ಡ ಗುತ್ತಿಗೆಗೆ ಒಂಟಿಯಾಗಿ ಸ್ಪರ್ಧಿಸಲಾಗದ ಸಂಸ್ಥೆಗಳನ್ನು ಒಕ್ಕೂಟವಾಗಿ ಸೇರಿಸುವುದು, ಟೆಂಡರ್ ಓದಿ ಅರ್ಥ ಮಾಡಿಸುವುದು, ಅನುದಾನದ ಅರ್ಜಿ ತಿದ್ದಿಕೊಡುವುದು ಸಿವಿಎಸ್ ಮಾಡಬಹುದಾದ ಕೆಲಸ. ಸ್ಥಳೀಯ ಆಡಳಿತ, ಆರೋಗ್ಯ ಸೇವೆ, ಪೊಲೀಸರು ಸೇರುವ ಸಭೆಗಳಲ್ಲಿ ಈ ಸಣ್ಣ ಸಂಸ್ಥೆಗಳ ಪರವಾಗಿ ದನಿ ಎತ್ತುವುದೂ ಅಷ್ಟೇ ಮುಖ್ಯ.

ನಂಟು ಬೆಸೆಯುವುದು

ವಸತಿ, ಸಾಲದ ಸಲಹೆ, ಆಹಾರ ಬ್ಯಾಂಕ್, ವ್ಯಸನಮುಕ್ತಿ ಹೀಗೆ ಊರಿನಲ್ಲಿ ಯಾರು ಏನು ಮಾಡುತ್ತಾರೆಂಬ ಪಟ್ಟಿ ಸಿವಿಎಸ್ ಬಳಿ ಇರುತ್ತದೆ. ತಮ್ಮ ಕೆಲಸಕ್ಕೂ ಜೈಲಿಗೂ ಸಂಬಂಧವಿಲ್ಲ ಎಂದುಕೊಂಡ ಗುಂಪುಗಳಿಗೆ, ಬಿಡುಗಡೆಯಾದವರೂ ಈ ಊರಿನವರೇ ಎಂದು ಮನವರಿಕೆ ಮಾಡಿ ಬಾಗಿಲು ತೆರೆಸಬೇಕಾದದ್ದೂ ಅದೇ.

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಲೆಕ್ಕ, ಕಾನೂನು, ಕಂಪ್ಯೂಟರ್ ಬಲ್ಲವರು ಬಹಳಷ್ಟು ಮಂದಿ ಇದ್ದಾರೆ. ಈ ಸಂಸ್ಥೆಗಳಿಗೆ ಬೇಕಿರುವುದು ಅದೇ ವಿದ್ಯೆ. ಬಿಡುವಿದ್ದವರು ತಮ್ಮ ಊರಿನ ಸಿವಿಎಸ್‌ಗೆ ಹೋಗಿ, ಇಂಥ ಸಂಸ್ಥೆಗೆ ಖಜಾಂಚಿಯೋ ಟ್ರಸ್ಟಿಯೋ ಬೇಕಿದೆಯೇ ಎಂದು ಕೇಳಿ.