ಟಿಕೆಟ್ಟಿಗೂ ಒಂದು ಚುನಾವಣೆ

ನಮ್ಮಲ್ಲಿ ಚುನಾವಣೆ ಸಮೀಪಿಸಿತೆಂದರೆ ಟಿಕೆಟ್ಟಿನ ಗದ್ದಲ ಮೊದಲಾಗುತ್ತದೆ. ಅದು ಯಾರಿಗೆ ಸಲ್ಲಬೇಕೆಂಬುದನ್ನು ಪಕ್ಷದ ಹಿರಿಯರು ತೀರ್ಮಾನಿಸುತ್ತಾರೆ. ಮತದಾರನಿಗೆ ಅಲ್ಲಿ ಮಾತಿಲ್ಲ. ಅಮೆರಿಕದಲ್ಲಿ ಟಿಕೆಟ್ಟಿಗಾಗಿಯೇ ಒಂದು ಚುನಾವಣೆ ನಡೆಯುತ್ತದೆ. ಅದಕ್ಕೆ ಪ್ರೈಮರಿ ಎಂದು ಹೆಸರು. ಅದರ ಬಗೆಯನ್ನು ಮಿಷಿಗನ್ ಸಂಸ್ಥಾನವೊಂದನ್ನೇ ಹಿಡಿದು ಹೇಳಲೆತ್ನಿಸುತ್ತೇನೆ.

ಮತದಾರರು ಆರಿಸುವ ಕೇಂದ್ರ ಸರ್ಕಾರದ ಸ್ಥಾನಗಳು ಕೆಲವೇ. ಉಪಾಧ್ಯಕ್ಷರೊಡನೆ ಅಧ್ಯಕ್ಷರು, ನಾಲ್ಕು ವರ್ಷಕ್ಕೆ. ಸಂಸ್ಥಾನಕ್ಕಿಬ್ಬರಂತೆ ಸೆನೆಟರುಗಳು, ಆರು ವರ್ಷಕ್ಕೆ. ಪ್ರತಿನಿಧಿ ಸಭೆಯ 435 ಮಂದಿ, ಎರಡೇ ವರ್ಷಕ್ಕೆ. ಗವರ್ನರ್ ಹುದ್ದೆ ಸಂಸ್ಥಾನದ್ದು, ಕೇಂದ್ರದ್ದಲ್ಲ. ಮಿಷಿಗನ್ನಿನಲ್ಲಿ ಅಧ್ಯಕ್ಷ ಪದವಿಯ ಪ್ರೈಮರಿ ಬೇರೆ ದಿನ ನಡೆಯುತ್ತದೆ. 2024ರಲ್ಲಿ ಅದು ಫೆಬ್ರವರಿ 27ರಂದು ನಡೆಯಿತು. ಉಳಿದವು ಆಗಸ್ಟಿನಲ್ಲಿ.

ಆಗಸ್ಟಿನ ಮತಪತ್ರದಲ್ಲಿ ಪಕ್ಷಗಳ ಉಮೇದುವಾರರನ್ನು ಬೇರೆ ಬೇರೆ ಸಾಲುಗಳಲ್ಲಿ ಮುದ್ರಿಸಿರುತ್ತಾರೆ. ಮತದಾರನು ಯಾವ ಪಕ್ಷದವನೆಂದು ಯಾರೂ ಕೇಳುವುದಿಲ್ಲ. ಆದರೆ ಒಂದೇ ಪಕ್ಷದ ಸಾಲಿನಲ್ಲಿ ಗುರುತು ಹಾಕಬೇಕು. ಎರಡರಲ್ಲೂ ಹಾಕಿದರೆ ಆ ಭಾಗವೇ ಅಸಿಂಧು. ಎದುರುಪಕ್ಷದವನು ಬಂದು ಬೇಕೆಂದೇ ದುರ್ಬಲನಿಗೆ ಮತ ಕೊಟ್ಟರೆ? ತಡೆಯುವವರಿಲ್ಲ, ಆದರೆ ಅವನಿಗೆ ತನ್ನ ಪಕ್ಷದ ಆಯ್ಕೆಯಲ್ಲಿ ಪಾಲು ತಪ್ಪುತ್ತದೆ. ಈ ಉಪಾಯವನ್ನು ನಾನು ಬಹಳ ಮೆಚ್ಚಿದ್ದೇನೆ.

ಮತಪತ್ರದಲ್ಲಿ ಹೆಸರು ಬರುವುದೂ ಸುಲಭವಲ್ಲ. ಪ್ರತಿನಿಧಿ ಸಭೆಗೆ ನಿಲ್ಲುವವನು ಮತದಾರರ 1,000 ಸಹಿ ತರಬೇಕು. 2012ರಲ್ಲಿ ಥ್ಯಾಡಿಯಸ್ ಮೆಕಾಟರ್ ಎಂಬ ಹಾಲಿ ಸದಸ್ಯರು ಕೊಟ್ಟ ಸಹಿಗಳಲ್ಲಿ ಸಿಂಧುವಾದವು 244 ಮಾತ್ರ! ಅವರು ಕಣಕ್ಕಿಳಿಯಲೇ ಆಗಲಿಲ್ಲ.

ಇನ್ನು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ. 2022ರ ಆಗಸ್ಟಿನಲ್ಲಿ ಡೆಟ್ರಾಯಿಟ್ ನಗರದ ಬಹುಭಾಗವುಳ್ಳ 13ನೆಯ ಕ್ಷೇತ್ರದ ಡೆಮೊಕ್ರಾಟಿಕ್ ಟಿಕೆಟ್ಟಿಗೆ ಒಂಬತ್ತು ಮಂದಿ ಸೆಣಸಿದರು. ಗೆದ್ದವರು ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರರು. ಅವರಿಗೆ ಬಿದ್ದ ಮತ ನೂರಕ್ಕೆ 28ರಷ್ಟು. ಆ ಕ್ಷೇತ್ರದಲ್ಲಿ ಡೆಮೊಕ್ರಾಟರ ಟಿಕೆಟ್ಟು ದೊರೆತರೆ ನವೆಂಬರಿನ ಗೆಲುವು ದೊರೆತಂತೆಯೇ. ನಮ್ಮ ನಾಡಿನವರೆಂದು ಹೆಮ್ಮೆಪಡುವುದು ಸಹಜ. ಆದರೆ ಡೆಟ್ರಾಯಿಟ್ಟಿನ ಬಹುಸಂಖ್ಯಾತರು ಕಪ್ಪು ಜನಾಂಗದವರು. ಎದುರಾಳಿಗಳಲ್ಲಿ ಬಹುಮಂದಿಯೂ ಆ ಜನಾಂಗದವರೇ. ಮತಗಳು ಅವರಲ್ಲಿ ಹಂಚಿಹೋದವು. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಸದನ ಪ್ರವೇಶಿಸಿದಂದಿನಿಂದ ಆ ನಗರಕ್ಕೆ ಕಪ್ಪು ಪ್ರತಿನಿಧಿಯಿಲ್ಲದ ಕಾಲ ಬಂದಿರಲಿಲ್ಲ, 2023ರಲ್ಲಿ ಬಂದಿತು. ಜಾರ್ಜಿಯಾ ಸಂಸ್ಥಾನದಲ್ಲಾಗಿದ್ದರೆ, ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದ ಕಾರಣ, ಮೊದಲಿಬ್ಬರ ನಡುವೆ ಇನ್ನೊಮ್ಮೆ ಮತದಾನ ನಡೆಯುತ್ತಿತ್ತು. ಮಿಷಿಗನ್ನಿನಲ್ಲಿ ಆ ಕಟ್ಟಳೆ ಇಲ್ಲ.